ಹದಿನೇಳೂವರೆ ತೊಲ

ನಾಲ್ಕೇ ನಾಲ್ಕು ಗುಟುಕು. ಐದನೆಯದಕ್ಕೆ ಬಾಯಿ ಸಡಿಲಿಸಿ, ಕಣ್ಣು ಅರ್ಧ ಮುಚ್ಚಿ, ಮದುವೆ ಊಟ ಮುಗಿಸಿ ಕಂಬಕ್ಕೆ ಒರಗಿದ ಹಿರಿಯರ ಹಾಗೆ ಮುಖ ಮಾಡಿಕೊಂಡು ಯಶೋಧರಾ ನಿದ್ದೆಹೋದಳು. ಅಕ್ಷಿತಾ ಮಗಳ ಅಂಗಾಲು ಕೆರೆದಳು. ಕಿವಿಯ ತುದಿ ಹಿಂಡಿದಳು. ಒದ್ದೆ ಬಟ್ಟೆಯಿಂದ ಕೆನ್ನೆ ಒರೆಸಿದಳು. ಏನೂ ಆಗಲಿಲ್ಲ. ಸರಿ, ಮಲಗಲಿ ಎಂದು ಹೊರಸಿನ ಮೇಲೆ ಇಡಲು ಬಗ್ಗಿದರೆ ಬೆನ್ನು ಕೌದಿಗೆ ತಾಗುವ ಮೊದಲೇ ಕಿರುಚಾಟ ಶುರುವಾಯಿತು. ಎತ್ತಿಕೊಂಡಳು. ನಾಲ್ಕು ಗುಟುಕು, ಮತ್ತೆ ನಿದ್ದೆ. ಬೆಳಗಿನಿಂದ ಇದು ಏಳನೆಯ ಸುತ್ತು.

"ನಿಮ್ಮಪ್ಪನಂಗ ಶಿಫ್ಟಿನ ಮ್ಯಾಲೆ ಕುಡೀತಿಯೇನಬೇ?" ಎಂದು ಐವತ್ತು ದಿನದ ಮಗಳನ್ನು ಕೇಳಿದಳು. ಮಗಳ ಅಪ್ಪ ಭೀಮರಾಜ ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ಪಾಳಿಯ ಮೇಲೆ ದುಡಿಯುವವನು. ಮಗಳು ಉತ್ತರವಾಗಿ ತುಟಿಯ ಅಂಚಿನಿಂದ ಸ್ವಲ್ಪ ಹಾಲು ಹೊರಗೆ ಬಿಟ್ಟಳು, ಕುಡಿದದ್ದರಲ್ಲಿ ಅರ್ಧ.

ಅಕ್ಷಿತಾ ಎಂದರೆ ಕ್ಷಯವಿಲ್ಲದವಳು ಎಂದು ಹೆಸರಿಟ್ಟ ಮೇಷ್ಟ್ರು ಹೇಳಿದ್ದರಂತೆ. ಆ ಮೇಷ್ಟ್ರು ಈಗ ಸಿಕ್ಕರೆ ಎರಡು ಮಾತು ಕೇಳಬೇಕೆಂದು ಅವಳಿಗೆ ಅನ್ನಿಸುತ್ತಿತ್ತು. ಹಾಲುಗಲ್ಲದ ಕೂಸು ಹಾಲೊಲ್ಲದ ಕೂಸಾಗಿ ಕುಳಿತಿತ್ತು. ಹಾಲಿನದೂ ಅದೇ ಹಟ. ಪಕ್ಕದ ಮನೆಯ ಆಡಿನ ಮರಿ ಕೂಗಿದರೆ ರವಿಕೆ ಒದ್ದೆಯಾಗುತ್ತಿತ್ತು. ಸ್ವಂತ ಮಗಳು ಬಾಯಿಟ್ಟರೆ, ಸರ್ಕಾರಿ ಕಚೇರಿಯ ಕಡತದ ಹಾಗೆ, ಬರಬೇಕೋ ಬೇಡವೋ ಎಂದು ಯೋಚನೆಗೆ ಕೂರುತ್ತಿತ್ತು.

ಇಷ್ಟಾದರೂ ಅವಳು ನಕ್ಕುಕೊಂಡು ಸಹಿಸುತ್ತಿದ್ದಳೇನೋ. ಆದರೆ ಮಂಗಳವಾರ ಬಳ್ಳಾರಿಯಲ್ಲಿ ಮಕ್ಕಳ ಡಾಕ್ಟರ ಹತ್ತಿರ ತೂಕ ನೋಡಿಸಿದಾಗ ಕೂಸು ಇಪ್ಪತ್ತು ಗ್ರಾಂ ಇಳಿದಿತ್ತು. ಅದಕ್ಕೆ ಎಂಟು ದಿನ ಮೊದಲು, ಕುರುಗೋಡಿನ ತವರುಮನೆಯಲ್ಲಿ ಹೆಸರಿಡುವ ದಿನ, ಆಶಾ ಕಾರ್ಯಕರ್ತೆ ರಾಧಾ ಬಂದು ತೂಗಿ ತಾಯಿ ಕಾರ್ಡಿನಲ್ಲಿ ಮೂರು ಕೆಜಿ ಒಂಬೈನೂರು ಎಂದು ಬರೆದುಕೊಟ್ಟಿದ್ದಳು. ಎರಡೂ ಕಡೆಯ ಬೀಗರು ಪಬ್ಲಿಕ್ ಪರೀಕ್ಷೆಯ ಫಲಿತಾಂಶ ಕೇಳಿದಂತೆ ಸಂತೋಷಪಟ್ಟಿದ್ದರು. ಈಗ ಮೂರು ಎಂಟುನೂರ ಎಂಬತ್ತು. ಡಾಕ್ಟರಮ್ಮ ಕಾರ್ಡು ನೋಡಿ, ಹುಬ್ಬು ಗಂಟುಹಾಕಿ, ಇನ್ನೊಂದು ವಾರ ನೋಡೋಣ, ಏರದಿದ್ದರೆ ಮೇಲುಹಾಲು ಶುರು ಮಾಡಬೇಕಾಗುತ್ತದೆ ಎಂದಿದ್ದರು. ಅಕ್ಷಿತಾಳ ಅತ್ತೆ ಹುಲುಗಮ್ಮ ವಾರ ಕಾಯುವ ಪೈಕಿಯಲ್ಲ. ಭಾನುವಾರ ಡಬ್ಬಿ ಹಾಲು, ಬಾಟಲಿ ಎರಡೂ ತಗೊಂಡು ಬರ್ತೀನಿ, ಕೂಸನ್ನು ಒಣ ಬಾವಿಗೆ ಕಟ್ಟಿಹಾಕಬೇಡ ಎಂದು ಫೋನಿನಲ್ಲೇ ತೀರ್ಮಾನ ಕೊಟ್ಟಿದ್ದಳು.

ಒಣ ಬಾವಿ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿ, ಬಳ್ಳಾರಿಯ ಶಾಲೆಯೊಂದರಲ್ಲಿ ಐವತ್ತು ಮಕ್ಕಳನ್ನು ಒಂದೇ ನೋಟಕ್ಕೆ ಸುಮ್ಮನಾಗಿಸುತ್ತಿದ್ದ ಅಕ್ಷಿತಾ ಆ ಮಾತು ಕೇಳಿ ಹಿತ್ತಲಿಗೆ ಹೋಗಿ ಅತ್ತಿದ್ದಳು. ಅಳುವಾಗ ಹಾಲು ಸೋರಿತ್ತು. ಅದಂತೂ ಇನ್ನೂ ಸಿಟ್ಟು ತರಿಸಿತ್ತು.

ಭಾನುವಾರಕ್ಕೆ ಉಳಿದ ದಿನಗಳಲ್ಲಿ ಅವಳು ಪರೀಕ್ಷೆಗೆ ಓದುವವಳಂತೆ ಹಾಲುಣಿಸಲು ಕುಳಿತಳು. ಅವ್ವ ಹನುಮಮ್ಮ ಅಳವಿ ಪಾಯಸ, ಬೆಳ್ಳುಳ್ಳಿ ಹುರಿದದ್ದು, ಸಬ್ಬಸಿಗೆ ಪಲ್ಯ, ಅಂಟಿನುಂಡೆ ಒಂದರ ಹಿಂದೊಂದು ತಂದಿಟ್ಟಳು. ನೀರು ಕೇಳಿದರೆ ಮಾತ್ರ ಅರ್ಧ ಲೋಟ. ಬಾಣಂತಿ ನೀರು ಕುಡಿದರೆ ಮೈ ಊದಿಕೊಳ್ಳುತ್ತದೆ ಎಂಬುದು ಹನುಮಮ್ಮನಿಗೆ ಅವಳ ಅವ್ವ ಹೇಳಿಕೊಟ್ಟ ಮಾತು. ಭೀಮರಾಜ ಪಾಳಿಯ ಮಧ್ಯೆ ಬಿಡುವು ಸಿಕ್ಕಾಗೆಲ್ಲ ವಿಡಿಯೋ ಕಳಿಸಿದ. ಯಾವುದೋ ದೇಶದ ಹೆಂಗಸು ಕೂಸನ್ನು ಕಂಕುಳಲ್ಲಿ ಇರುಕಿಕೊಂಡು ನಗುತ್ತ ಹಾಲುಣಿಸುತ್ತಿದ್ದಳು. ಚೆಂಡು ಹಿಡಿದಂತೆ ಹಿಡಿಯಬೇಕಂತೆ ಎಂದು ಇವನ ಟಿಪ್ಪಣಿ ಬೇರೆ.

"ನಿಮ್ಮ ಮಗಳು ಚೆಂಡಲ್ಲರೀ," ಎಂದಳು ಅಕ್ಷಿತಾ ಫೋನಿನಲ್ಲಿ. "ಬೇಕಾದ್ರ ನೀವ ಬಂದು ಹಿಡಕಂಡು ಕುಡಸ್ರಿ."

ಆಮೇಲೆ ಅವನು ವಿಡಿಯೋ ನಿಲ್ಲಿಸಿ ಬರೇ ಹೃದಯದ ಚಿತ್ರ ಕಳಿಸಲು ಶುರುಮಾಡಿದ. ಅದರಿಂದಲೂ ಹಾಲು ಹೆಚ್ಚಲಿಲ್ಲ.

ಕೊನೆಗೆ ಉಪಯೋಗಕ್ಕೆ ಬಂದದ್ದು ಅವಳ ಹಳೆಯ ಚಾಳಿ. ಕಾಲೇಜಿನಲ್ಲಿ ಅಕ್ಷಿತಾ ಪ್ರಿನ್ಸಿಪಾಲರಿಂದ ಹಿಡಿದು ಕ್ಯಾಂಟೀನಿನ ಓಬಣ್ಣನವರೆಗೆ ಯಾರ ದನಿಯನ್ನಾದರೂ ತೆಗೆಯುತ್ತಿದ್ದಳು. ಕೂಸು ಐದನೆಯ ಗುಟುಕಿಗೆ ಕಣ್ಣು ಮುಚ್ಚಿದಾಗ ಬೇಸರಕ್ಕೆ ಬಸ್ ಕಂಡಕ್ಟರನಾದಳು. ಸಿರುಗುಪ್ಪ, ಸಿರುಗುಪ್ಪ, ಯಾರ್ರೀ ಸಿರುಗುಪ್ಪ, ಮುಂದ ಸರೀರಿ. ಕೂಸು ಕಣ್ಣು ಬಿಟ್ಟು ಎರಡು ಗುಟುಕು ಹೆಚ್ಚಿಗೆ ಎಳೆಯಿತು. ಪ್ರಿನ್ಸಿಪಾಲರ ದನಿಗೆ ಮೂಗು ಮುರಿಯಿತು. ಗಂಟಲಲ್ಲಿ ಜರಡಿ ಇಟ್ಟುಕೊಂಡಂಥ ಹುಲುಗಮ್ಮನ ದನಿ ತೆಗೆದಾಗ ಮಾತ್ರ ಯಶೋಧರಾ ಬೆಚ್ಚಿ, ತಾಯಿಯ ಮುಖವನ್ನೇ ದಿಟ್ಟಿಸುತ್ತ, ಒಂದೇ ಸಮನೆ ಹನ್ನೊಂದು ಗುಟುಕು ಕುಡಿದಳು. ಅತ್ತೆಗೆ ಹೆದರಿ ಉಣ್ಣುವ ಗುಣ ಇಷ್ಟು ಬೇಗ ಬಂತೇ ಎಂದು ಅಕ್ಷಿತಾಳಿಗೆ ನಗುವೂ ಬಂತು, ಹೊಟ್ಟೆಯೂ ಉರಿಯಿತು.

ಶುಕ್ರವಾರ ಹನುಮಮ್ಮ ಬಚ್ಚಲಲ್ಲಿ ಕಾಲು ಚಾಚಿ ಕುಳಿತು, ಮೊಮ್ಮಗಳನ್ನು ಮೊಣಕಾಲ ಕೆಳಗೆ ಬೋರಲು ಹಾಕಿಕೊಂಡು ಎರೆದಳು. ಎರೆದ ಮೇಲೆ ಕೂಸು ಅಕ್ಷಿತಾಳ ಮಡಿಲಿಗೆ ಬಂತು. ಸೊಂಟದ ಸುತ್ತ, ಬೆಳ್ಳಿ ಉಡಿದಾರದ ಕೆಳಗೆ, ಕೆಂಪಗೆ ಗೆರೆ ಬಿದ್ದಿತ್ತು. ಅಕ್ಷಿತಾ ಕೊಂಡಿ ಬಿಚ್ಚತೊಡಗಿದಳು. ಹನುಮಮ್ಮ ಬಚ್ಚಲಿನಿಂದಲೇ ತಡೆದಳು. ಹೆಣ್ಣುಕೂಸಿನ ಸೊಂಟ ಬರಿದಾಗಬಾರದು, ಹಾಗೇ ಒರೆಸು ಎಂದಳು. ಕೈಗಡಗ, ಕಾಲ್ಗಡಗ, ಉಡಿದಾರ, ಎಲ್ಲ ಸೇರಿ ಒಂದು ಜೊತೆ. ಹೆಸರಿಡುವ ದಿನ ತವರಿನ ಕಡೆಯಿಂದ ಹನುಮಮ್ಮ ಮಾಡಿಸಿ ಹಾಕಿದ್ದು. ಎರೆಯುವಾಗಲೂ ತೆಗೆದಿರಲಿಲ್ಲ.

ಕೊಂಡಿ ಬಿಚ್ಚಿತು. ಉಡಿದಾರ ಹಾವಿನಂತೆ ಅಂಗೈಗೆ ಜಾರಿ ಬಂತು. ಅಕ್ಷಿತಾ ಅದನ್ನು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಆಡಿಸಿದಳು. ಕೈ ಅದರ ಭಾರಕ್ಕೆ ತಗ್ಗಿತು.

"ಯವ್ವಾ, ಇದೆಲ್ಲ ಕೂಡಿ ಎಷ್ಟು ತೊಲಿ ಅಂದಿದ್ದಿ?"

"ಹದಿನೆಂಟು," ಎಂದಳು ಹನುಮಮ್ಮ, ಒದ್ದೆ ಸೆರಗು ಹಿಂಡುತ್ತ, ದನಿಯಲ್ಲಿ ಬಿಗುಮಾನ ಹಿಂಡದೆ. "ಯಾಕ?"

ತೊಲಕ್ಕೆ ಹತ್ತು ಗ್ರಾಂ, ಹದಿನೆಂಟಕ್ಕೆ ನೂರ ಎಂಬತ್ತು. ಅಕ್ಷಿತಾ ಹೊರಸಿನ ಮೇಲೆ ಮೆಲ್ಲಗೆ ಕುಳಿತಳು. ಹೆಸರಿಡುವ ದಿನ ರಾಧಾ ಜೋಲಿಯ ತಕ್ಕಡಿ ಹಿಡಿದು, ಮೈಮೇಲಿನದನ್ನು ತೆಗೆದರೆ ಚೆನ್ನ ಎಂದಿದ್ದಳು. ಬೀಗರೆದುರಿಗೆ ಬರಿದು ಸೊಂಟ ಬೇಡ ಎಂದು ಹನುಮಮ್ಮ ಹೋಳಿಗೆಯ ತಟ್ಟೆ ಅವಳ ಕೈಗಿತ್ತಿದ್ದಳು. ರಾಧಾ ಒಂದು ಕೈಯಲ್ಲಿ ಹೋಳಿಗೆ, ಇನ್ನೊಂದರಲ್ಲಿ ಕೂಸು ಹಿಡಿದು ಕಂಡದ್ದನ್ನು ಬರೆದುಕೊಂಡಿದ್ದಳು. ಬಳ್ಳಾರಿಯಲ್ಲಿ ನರ್ಸು ಎಲ್ಲ ಬಿಚ್ಚಿಸಿ ತೂಗಿದ್ದಳು. ಬಿಚ್ಚಿದ ಬೆಳ್ಳಿಯನ್ನು ಕೈಚೀಲಕ್ಕೆ ತುಂಬಿಕೊಂಡವಳು ತಾನೇ. ಭೌತಶಾಸ್ತ್ರ ಪಾಠ ಮಾಡುವವಳು. ಕೂಸು ಇಪ್ಪತ್ತು ಗ್ರಾಂ ಇಳಿದಿರಲಿಲ್ಲ. ಎಂಟು ದಿನದಲ್ಲಿ ನೂರ ಅರವತ್ತು ಏರಿತ್ತು. ಈ ನಾಲ್ಕು ಗುಟುಕಿನ ಕಳ್ಳಿ, ಈ ಅರ್ಧ ಉಗುಳುವವಳು.

ಅವಳು ಅವ್ವನಿಗೆ ವಿವರಿಸಿದಳು. ಮೊದಲು ಹನುಮಮ್ಮನಿಗೆ ತಿಳಿಯಲಿಲ್ಲ. ಒಡವೆ ಯಾವ ಕೂಸಿಗೆ ಭಾರವಾದೀತು ಎಂದಳು. ತಿಳಿದಾಗ ಕೂಸಿನ ಮೈ ಒರೆಸುತ್ತಿದ್ದ ಬಟ್ಟೆಯನ್ನು ಮಡಚಿ, ಮತ್ತೆ ಬಿಚ್ಚಿ, ಮತ್ತೆ ಮಡಚಿದಳು. ಈಗಲೇ ಅತ್ತೆಗೆ ಫೋನು ಮಾಡುತ್ತೇನೆ ಎಂದು ಅಕ್ಷಿತಾ ಎದ್ದಳು.

"ಬ್ಯಾಡಬೇ," ಎಂದಳು ಹನುಮಮ್ಮ. "ಬೆಳ್ಳಿ ತೂಗಿ ಕೂಸು ಅಂದ್ರು ಅಂತಾರ. ಊರೆಲ್ಲ ಹೇಳಿಕಂತ ನಗ್ತಾರ."

ಆಮೇಲೆ ಅವಳು ಹೇಳಿದ್ದನ್ನು ಅಕ್ಷಿತಾ ತುಂಡುತುಂಡಾಗಿ ಮೊದಲೂ ಕೇಳಿದ್ದಳು, ಇಡಿಯಾಗಿ ಕೇಳಿರಲಿಲ್ಲ. ಅಕ್ಷಿತಾ ಎರಡು ತಿಂಗಳ ಕೂಸಾಗಿದ್ದಾಗ ಹನುಮಮ್ಮ ಸಿರುಗುಪ್ಪದ ಕಡೆ ಭತ್ತ ನಾಟಿಗೆ ಹೋಗಿದ್ದಳು. ಬದುವಿನ ಜಾಲಿಗಿಡಕ್ಕೆ ಸೀರೆಯ ಜೋಲಿ. ಹಿಡಿದ ಸಾಲು ಮುಗಿಯುವ ತನಕ ಮೇಸ್ತ್ರಿ ಮೇಲೇಳಲು ಬಿಡುತ್ತಿರಲಿಲ್ಲ. ಕೂಸು ಅಲ್ಲಿ ಅಳುತ್ತಿತ್ತು, ಇಲ್ಲಿ ಬಗ್ಗಿದವಳ ಎದೆಯಿಂದ ಹಾಲು ಕೆಸರಿಗೆ ಹನಿಯುತ್ತಿತ್ತು. ಸಾಲು ಮುಗಿಸಿ ಹೋಗುವಷ್ಟರಲ್ಲಿ ಕೂಸು ಅತ್ತು ಮಲಗಿರುತ್ತಿತ್ತು. ಆ ಕೂಸಿನ ಸೊಂಟದಲ್ಲಿ ಇದ್ದದ್ದು ಒಂದು ಕರಿದಾರ. ಜೊತೆಗೆ ನಾಟಿಗೆ ಬಂದ ಚನ್ನಬಸಮ್ಮನ ಮೊಮ್ಮಗನಿಗೆ ಬೆಳ್ಳಿ ಇತ್ತಂತೆ. ಅದೇ ಕೂಸಿನ ಪಕ್ಕದಲ್ಲಿ ಜೋಲಿ ಕಟ್ಟಲು ತನಗೆ ನಾಚಿಕೆಯಾಗುತ್ತಿತ್ತು ಎಂದಳು. ಈಗ ಎಂಟು ವರ್ಷ ಮೆಣಸಿನಕಾಯಿ ತೊಟ್ಟು ಮುರಿದ ಕೂಲಿಯಲ್ಲಿ ಇದನ್ನು ಮಾಡಿಸಿದ್ದಳು. ಬೀಗರ ನಡುವೆ ತಟ್ಟೆಯಲ್ಲಿಟ್ಟು ಎರಡು ಸುತ್ತು ತೋರಿಸಿದ್ದಳು.

ಅಕ್ಷಿತಾಳಿಗೆ ಪಾಪ ಅನ್ನಿಸಿತು. ಅಷ್ಟೇ ಜೋರಾಗಿ ಸಿಟ್ಟೂ ಬಂತು.

"ನಿನ್ನ ಬೆಳ್ಳಿ ಮಾನ ಉಳಸಾಕ ನನ್ನ ಹಾಲಿಗಿ ಕೆಟ್ಟ ಹೆಸರು ಬರಬೇಕೇನು?"

ಹನುಮಮ್ಮ ಉಡಿದಾರವನ್ನು ಎತ್ತಿಕೊಂಡು ಕೂಸಿನ ಸೊಂಟಕ್ಕೆ ಮತ್ತೆ ಹಾಕಿದಳು, ಈ ಸಲ ಒಂದು ಕೊಂಡಿ ಸಡಿಲ ಬಿಟ್ಟು. ಆ ದಿನವೂ ಮರುದಿನವೂ ಇಬ್ಬರೂ ಕೂಸಿನ ಮೂಲಕ ಮಾತಾಡಿದರು. ನಿಮ್ಮವ್ವಗ ಉಣ್ಣಾಕ ಹೇಳು. ನಿಮ್ಮಜ್ಜಿಗಿ ಹೇಳು, ನನಗ ಹಸಿವಿಲ್ಲ ಅಂತ. ಅಕ್ಷಿತಾ ಫೋನು ಎರಡು ಸಲ ಎತ್ತಿಕೊಂಡು ಎರಡು ಸಲ ಇಟ್ಟಳು. ಹೇಳಿದರೆ ಅವ್ವ ಬೀಗರೆದುರು ತಲೆ ತಗ್ಗಿಸಬೇಕು. ಹೇಳದಿದ್ದರೆ ಭಾನುವಾರ ರಬ್ಬರಿನ ತುದಿ ಮಗಳ ಬಾಯಿಗೆ ಹೋಗುತ್ತದೆ. ಬಾಟಲಿಯ ಸಲೀಸು ಕಂಡ ಕೂಸು ಈ ಹಟಮಾರಿ ಎದೆಗೆ ಮತ್ತೆ ಬಂದೀತು ಎಂಬ ನಂಬಿಕೆ ಅವಳಿಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಒಳಕೋಣೆಯಲ್ಲಿ ಯಶೋಧರಾ ಮೂರನೆಯ ಗುಟುಕಿಗೇ ಮುಷ್ಕರ ಹೂಡಿದಳು. ಅಕ್ಷಿತಾ ಗಂಟಲು ಸರಿಮಾಡಿಕೊಂಡು ಜರಡಿಯ ದನಿ ತೆಗೆದಳು. "ಹಾಲು ಬರ್ತಾವೇನಬೇ ಅಕ್ಷಿತಮ್ಮ, ಇಲ್ಲ ಬರೇ ಗಾಳಿ ಐತ? ನಮ್ಮ ವಂಶದಾಗ ಹಿಂಗ ಒಣಗಿದ್ದು ಯಾರೂ ಇಲ್ಲ ನೋಡು." ಕೂಸು ಕಣ್ಣರಳಿಸಿ ಕುಡಿಯತೊಡಗಿತು. ಐದು, ಆರು, ಏಳು.

"ನನ್ನ ದನಿ ಇನ್ನಾ ಒಂಚೂರು ದಪ್ಪ ಐತಿ," ಎಂಬ ಮಾತು ಬಾಗಿಲಿನಿಂದ ಬಂತು.

ಹುಲುಗಮ್ಮ ನಿಂತಿದ್ದಳು. ಬಳ್ಳಾರಿಯಿಂದ ಮೊದಲ ಬಸ್ಸಿಗೇ ಬಂದಿರಬೇಕು. ಕಂಕುಳಲ್ಲಿ ಚೀಲ, ಚೀಲದಲ್ಲಿ ಡಬ್ಬಿಯ ಆಕಾರ. ಅಕ್ಷಿತಾಳ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಕೂಸು ಬಾಗಿಲ ಕಡೆ ನೋಡಿತು, ತಾಯಿಯ ಕಡೆ ನೋಡಿತು, ಎರಡು ಕಡೆ ಒಂದೇ ದನಿ ಕೇಳಿದ ಗಾಬರಿಗೆ ಬಾಯಿ ಬಿಟ್ಟು ಅತ್ತಿತು. ಹಾಲಿನ ಸಣ್ಣ ಚಿಲುಮೆಯೊಂದು ಅತ್ತೆಯ ಸೀರೆಯ ಅಂಚಿನವರೆಗೆ ಹಾರಿತು. ಹುಲುಗಮ್ಮ ಒಂದು ಹೆಜ್ಜೆ ಹಿಂದೆ ಸರಿದು ಅಂಚು ನೋಡಿಕೊಂಡಳು. ಚೀಲ ಹಿಡಿದು ನೇರ ಅಡುಗೆಮನೆಗೆ ನಡೆದಳು.

ಅಡುಗೆಮನೆಯಲ್ಲಿ ಹುಲುಗಮ್ಮ ತಾನೇ ಒಲೆ ಹಚ್ಚಿ ನೀರಿಟ್ಟಳು. ಬಾಟಲಿ ಕುದಿಸಬೇಕಂತೆ, ಅಂಗಡಿಯವ ಹೇಳಿದ್ದಾನೆ. ಡಬ್ಬಿಯನ್ನು ಸೊಸೆಯ ಕೈಗೆ ಕೊಟ್ಟು ಎಷ್ಟು ಪುಡಿಗೆ ಎಷ್ಟು ನೀರು ಎಂದು ಓದಿ ಹೇಳಲು ಹೇಳಿದಳು. ಅವಳಿಗೆ ಓದು ಬಾರದು. ಅಕ್ಷಿತಾ ಅಳುವ ಕೂಸನ್ನು ಹೆಗಲಿಗೆ ಹಾಕಿಕೊಂಡು ಡಬ್ಬಿ ತಿರುಗಿಸಿದಳು. ತಾಯಿಯ ಹಾಲೇ ಶ್ರೇಷ್ಠ ಎಂದು ಮೊದಲ ಸಾಲಿನಲ್ಲಿ ಅಚ್ಚಾಗಿತ್ತು. ಅದನ್ನು ಗಟ್ಟಿಯಾಗಿ ಓದಿದಳು.

"ಅದ ನಮಗೂ ಗೊತ್ತೈತಿ," ಎಂದಳು ಹುಲುಗಮ್ಮ. "ಮುಂದ ಓದು."

ಹಿತ್ತಲಲ್ಲಿ ಹನುಮಮ್ಮ ಪಾತ್ರೆ ತಿಕ್ಕುತ್ತಿದ್ದಳು. ತಿಕ್ಕಿದ್ದನ್ನೇ ತಿಕ್ಕುತ್ತಿದ್ದಳು, ಒಂದೇ ತಟ್ಟೆ ಐದು ಸಲ ಸದ್ದು ಮಾಡಿತು. ಅಕ್ಷಿತಾ ಮುಂದಿನ ಸಾಲು ಓದಿದಳು. ಒಂದು ಚಮಚ ಪುಡಿಗೆ ಮೂವತ್ತು ಎಂ.ಎಲ್. ನೀರು. ಹೇಳಿಬಿಡಬೇಕು ಎಂದು ಬಾಯಿ ತೆರೆದಳು. ಹಿತ್ತಲ ಬಾಗಿಲಲ್ಲಿ ಅವ್ವನ ಬಗ್ಗಿದ ಬೆನ್ನು ಕಂಡಿತು, ನಾಟಿ ಸಾಲಿನಲ್ಲಿ ಬಗ್ಗಿದವರ ಬೆನ್ನಿನಂತೆ. ಬಾಯಿ ಮುಚ್ಚಿದಳು. ಹುಲುಗಮ್ಮ ಡಬ್ಬಿ ಇಸಿದುಕೊಂಡು ಚಮಚದಿಂದ ಮುಚ್ಚಳ ಮೀಟತೊಡಗಿದಳು.

ತಟ್ಟೆಯ ಸದ್ದು ನಿಂತಿತು. ಹನುಮಮ್ಮ ಒದ್ದೆ ಕೈಯಲ್ಲೇ ಒಳಗೆ ಬಂದು, ಯಾರ ಮುಖವನ್ನೂ ನೋಡದೆ ನಡುಮನೆಗೆ ಹೋದಳು. ಮೂಲೆಯಲ್ಲಿ ಅವಳ ಗಂಡ ಹಂಪಯ್ಯ ಸಂತೆಯಲ್ಲಿ ಒಣಮೆಣಸಿನಕಾಯಿ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಗೋಣಿತಟ್ಟು ಹೊದ್ದು ಕುಳಿತಿತ್ತು. ಅದನ್ನು ಅಡುಗೆಮನೆಯ ನಡುವೆ ತಂದಿಟ್ಟು, ಮೇಲೊಂದು ಅಕ್ಕಿ ಕೇರುವ ಮರ ಇಟ್ಟು, ಮರದಲ್ಲಿ ಹಳೆ ಸೀರೆ ಹಾಸಿ, ಗುಂಡಿ ಒತ್ತಿ ಸೊನ್ನೆ ಮಾಡಿದಳು. ಗಂಡನ ಸಂತೆಯಲ್ಲಿ ಕಲಿತ ಕೈ. ಆಮೇಲೆ ಮಗಳ ಹೆಗಲಿನಿಂದ ಕೂಸನ್ನು ತೆಗೆದುಕೊಂಡಳು.

"ಬೀಗ್ತಿ, ಈಕಡೆ ನೋಡ್ರಿ," ಎಂದಳು.

ಬೆಳ್ಳಿಯ ಸಮೇತ ಕೂಸನ್ನು ಮರದಲ್ಲಿ ಮಲಗಿಸಿದಳು. ಮೆಣಸಿನಕಾಯಿಯ ಘಾಟಿಗೆ ಯಶೋಧರಾ ಸೀನಿದಳು. ಕೆಂಪು ಅಂಕಿಗಳು ದಿಕ್ಕೆಟ್ಟು ಓಡಿದವು. ಮತ್ತೆ ಸೀನಿದಳು. ಮೂವರೂ ಉಸಿರು ಹಿಡಿದು ಬಗ್ಗಿದರು. ನಾಲ್ಕು ಕೆಜಿ ನೂರ ತೊಂಬತ್ತಕ್ಕೆ ಅಂಕಿ ನಿಂತಿತು. ಹನುಮಮ್ಮ ಕೈಗಡಗ ಕಳಚಿದಳು, ಕಾಲ್ಗಡಗ ಕಳಚಿದಳು. ಉಡಿದಾರದ ಕೊಂಡಿಗೆ ಬೆರಳು ಹೋದಾಗ ಒಂದು ಕ್ಷಣ ನಿಂತು, ಅದನ್ನೂ ಕಳಚಿದಳು. ನಾಲ್ಕು ಕೆಜಿ ಹದಿನೈದು.

"ಹೆಸರಿಡೋ ದಿನ ಬೆಳ್ಳಿ ಕೂಡಿಸಿ ತೂಗಿಸೀನ್ರಿ, ನಾನ. ಬಳ್ಳಾರ್‍ಯಾಗ ಬರೇ ಮೈಲೆ ತೂಗ್ಯಾರ. ಕೂಸು ಇಳದಿಲ್ಲ. ನನ್ನ ಮಗಳ ಹಾಲಿನ ತಪ್ಪಿಲ್ಲ. ನಗೋದಿದ್ರ ನನ್ನ ನೋಡಿ ನಗ್ರಿ."

ಯಾರೂ ನಗಲಿಲ್ಲ. ಒಲೆಯ ಮೇಲೆ ನೀರು ಕುದಿಯತೊಡಗಿತು. ಹುಲುಗಮ್ಮ ಅಂಕಿ ಓದಬಲ್ಲಳು. ತಕ್ಕಡಿಯನ್ನೊಮ್ಮೆ, ಕೂಸಿನ ಬರಿದು ಸೊಂಟವನ್ನೊಮ್ಮೆ ನೋಡಿದಳು. ಕೂಸನ್ನು ಎತ್ತಿ ಸೊಸೆಯ ಕೈಗೆ ಕೊಟ್ಟು, ಮರದಲ್ಲಿ ಬೆಳ್ಳಿಯನ್ನೆಲ್ಲ ಒಂದೊಂದಾಗಿ ಇಟ್ಟಳು. ತುಂಬ ಹೊತ್ತು ಬಗ್ಗಿ ನೋಡಿದಳು.

"ಹದಿನೆಂಟು ತೊಲಿ ಅಂದಿದ್ರಲ್ಲ ಬೀಗ್ತಿ," ಎಂದಳು. "ಹದಿನೇಳೂವರೀನ ಐತಿ."

ಹನುಮಮ್ಮನ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು. ಅವಳೂ ಬಗ್ಗಿದಳು. ನೂರ ಎಪ್ಪತ್ತೈದು. ಬೆಳ್ಳಿ ಮಾಡಿಕೊಟ್ಟ ಆ ಪತ್ತಾರನ ಮನಿ ಹಾಳಾಗ, ಎಂದು ಶುರುಮಾಡಿದವಳು ಅವನ ಅಪ್ಪ, ಅಜ್ಜ, ಅವರ ಕುಲುಮೆ ಎಲ್ಲವನ್ನೂ ಸಾಲಾಗಿ ನಿಲ್ಲಿಸಿ ಬೈದಳು. ಅರ್ಧ ತೊಲ ತಿಂದವನಿಗೆ ಅಜೀರ್ಣವಾಗಲಿ ಎಂದು ಹುಲುಗಮ್ಮನೂ ದನಿಗೂಡಿಸಿದಳು. ತನಗೂ ಕಾಲುಂಗುರದಲ್ಲಿ ಒಮ್ಮೆ ಹೀಗೇ ಆಗಿತ್ತಂತೆ. ಬೈಗುಳ ಇಬ್ಬರಿಗೂ ಸಮನಾಗಿ ಹಂಚಿಹೋದ ಮೇಲೆ ಅಡುಗೆಮನೆ ಸ್ವಲ್ಪ ಅಗಲವಾದಂತೆ ಅನ್ನಿಸಿತು.

"ನೀರು ಕಾದಾವು," ಎಂದಳು ಹುಲುಗಮ್ಮ. "ಚಾ ಮಾಡ್ರಿ. ಡಬ್ಬಿ ವಾಪಸ್ ಕೊಡ್ತೀನಿ, ಮುಚ್ಚಳ ಇನ್ನಾ ಬಂದಿಲ್ಲ." ಆಮೇಲೆ ಕುತ್ತಿಗೆಗೆ ಕೈ ಹಾಕಿ, ತಾಯಿತ ಕಟ್ಟಿದ್ದ ಕರಿದಾರವನ್ನು ತಲೆಯ ಮೇಲಿಂದ ತೆಗೆದು, ತಾಯಿತ ಬಿಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, ದಾರವನ್ನು ಕೂಸಿನ ನಡುವಿಗೆ ಎರಡು ಸುತ್ತು ಕಟ್ಟಿದಳು. ಗಂಟು ಹಾಕುವಾಗ ಸೊಸೆಯ ಕಡೆ ನೋಡದೆ, "ನಮ್ಮ ವಂಶ ಅಂದೆಲ್ಲ, ಅದನ್ನ ನಾನು ಯಾವತ್ತ ಅಂದೀನಿ?" ಎಂದು ಕೇಳಿದಳು.

ಅಕ್ಷಿತಾ ಅದು ತಾನೇ ಸೇರಿಸಿದ ಮಾತು ಎಂದು ಒಪ್ಪಿಕೊಂಡಳು.

"ಚಂದ ಸೇರಿಸಿದ್ದಿ," ಎಂದಳು ಹುಲುಗಮ್ಮ.

ಅಕ್ಷಿತಾ ಒಳಕೋಣೆಗೆ ಬಂದು ಗೋಡೆಗೆ ಒರಗಿ ಕುಳಿತಳು. ಯಶೋಧರಾ ಅತ್ತತ್ತು ಹಸಿದಿದ್ದಳು. ಬಾಯಿಟ್ಟಳು, ಬಿಟ್ಟಳು, ಸಿಟ್ಟಿನಿಂದ ತಲೆ ಕೊಡವಿದಳು, ಮತ್ತೆ ಬಾಯಿಟ್ಟಳು. ಯಾರ ದನಿಯೂ ಬೇಕಾಗಲಿಲ್ಲ. ಎಣಿಸಬಾರದು ಎಂದುಕೊಂಡೇ ಅಕ್ಷಿತಾ ಹದಿನಾಲ್ಕರವರೆಗೆ ಎಣಿಸಿ ತಪ್ಪಿದಳು. ಅಡುಗೆಮನೆಯಲ್ಲಿ ಪತ್ತಾರನ ಮೇಲೆ ಎರಡನೆಯ ಸುತ್ತು ಶುರುವಾಗಿತ್ತು. ಚಹಾದ ಕಪ್ಪು ಯಾರೋ ಬಾಗಿಲ ಬಳಿ ಇಟ್ಟು ಹೋದರು, ಕೈಗೆ ಎಟುಕದಷ್ಟು ದೂರದಲ್ಲಿ.

ಎಡಗಾಲು ಜೋಮು ಹಿಡಿಯಿತು, ಬೆನ್ನು ನೋಯಿತು. ಕೂಸು ಕುಡಿಯುತ್ತ ಕುಡಿಯುತ್ತ ನಿದ್ದೆಹೋಗಿತ್ತು. ತಗಡಿನ ಮಾಡಿನ ತೂತಿನಿಂದ ಬಿದ್ದ ಬಿಸಿಲಿನ ಬಿಲ್ಲೆಯೊಂದು ಕೌದಿಯ ಮೇಲೆ ತೆವಳುತ್ತ ಅದರ ಕೆನ್ನೆಯ ಹತ್ತಿರಕ್ಕೆ ಬರುತ್ತಿತ್ತು. ಸ್ವಲ್ಪ ಸರಿದು ಕೂತರೆ ಆಗುತ್ತಿತ್ತು. ಅಕ್ಷಿತಾ ಸರಿಯಲಿಲ್ಲ. ಬಲಗೈ ಚಾಚಿ ಬಿಸಿಲನ್ನು ಅಂಗೈಯ ಹಿಂಬದಿಗೆ ಹಿಡಿದಳು. ಬಿಲ್ಲೆ ಸರಿದಂತೆ ಕೈಯನ್ನೂ ಸರಿಸುತ್ತ, ಚಹಾ ಆರುವುದನ್ನು ನೋಡುತ್ತ ಕುಳಿತಳು.